ಬಾನ್ಹಮ್ ಸತ್ತ ಮೇಲೆ ಮುಚ್ಚಿದ ಬ್ಯಾಂಡು

ಎಂಬತ್ತೊಂದರ ಬೇಸಿಗೆ. ಗದಗಿನಿಂದ ಮುಂಡರಗಿಗೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲಾ ಶಿಕ್ಷಕಿ ನರ್ಮದಾಬಾಯಿ ಕಿಟಕಿಗೆ ಒತ್ತಿಕೊಂಡು ಕೂತಿದ್ದರು. ಪಕ್ಕದ ಇಬ್ಬರು ಕಾಲೇಜು ತರುಣರು ವಿಲಾಯತಿ ರಾಕ್ ಬ್ಯಾಂಡುಗಳ ಡ್ರಮ್ಮರುಗಳ ಬಗ್ಗೆ ಜಗಳವಾಡುತ್ತಿದ್ದರು.

“ರಿಂಗೋನ ದೊಡ್ಡಾಂವ. ಹಾಡಿಗೆ ಎಷ್ಟು ಬೇಕೋ ಅಷ್ಟ ಬಾರಸ್ತಾನ,” ಎಂದ ಮಾರ್ತಾಂಡ.

“ಹೋಗಲೇ! ಬಾನ್ಹಮ್ ಒಂದು ಏಟು ಹೊಡದ್ರ ಎದಿ ನಡಗತಿತ್ತು,” ಎಂದ ಯಮನೂರಪ್ಪ.

“ಅಂವ ಹೋದ ವರ್ಷನ ಸತ್ತ.”

“ಖರೆ. ಆದ್ರ ಅಂವ ಇಲ್ಲಂತ ಉಳಿದ ಮೂವರೂ ಬ್ಯಾಂಡನ್ನ ಮುಚ್ಚಿಬಿಟ್ರು. ಡ್ರಮ್ಮರ್ ಅಂದ್ರ ಹಂಗಿರಬೇಕು.”

ಮಾರ್ತಾಂಡ ಕಾಲ ಬಳಿಯ ಟ್ರಂಕನ್ನು ಹತ್ತಿರ ಎಳೆದುಕೊಂಡ.

“ಡ್ರಮ್ ಬಾರಸೂ ನಾನ ಊರಿಗೆ ಹೊಂಟೆ. ನಮ್ಮ ಕಾಲೇಜಿನ ಆರ್ಕೆಸ್ಟ್ರಾ ಏನ್ ಮಾಡ್ತೀರಿ?”

“ನಿಮ್ಮ ಅಪ್ಪಾರಿಗೆ ಆರಾಮಾದ ಮ್ಯಾಲೆ ನೀ ಬರ್ತೀಯಲ್ಲ?”

“ಲಕ್ವಾ ಹೊಡದದ. ಇನ್ನ ಏಳೂದಿಲ್ಲ ಅಂದಾರ ಡಾಕ್ಟರು. ಗುಡಿ ಪೂಜಾ ಮಾಡಾಕ ನನ್ನ ಬಿಟ್ರ ಯಾರಿದ್ದಾರ? ಕಾಲೇಜೂ ಮುಗೀತು, ಡ್ರಮ್ಮೂ ಮುಗೀತು.”

ನರ್ಮದಾಬಾಯಿಗೆ ಎದ್ದು ಬೇರೆ ಕಡೆ ಹೋಗಬೇಕೆನಿಸಿತು. ಅಲುಗಲೂ ಎಡೆಯಿರಲಿಲ್ಲ.

“ಖರೆ ಹೇಳು, ಯಮನೂರಪ್ಪಾ. ನಾ ಇಲ್ಲಂತ ನೀವೂ ಮುಚ್ಚತೀರೇನು?”

ಯಮನೂರಪ್ಪ ತಲೆ ತಗ್ಗಿಸಿದ. “ಹುಬ್ಬಳ್ಳಿಯಾಂವ ಒಬ್ಬನ ಕೂಡ ಮಾತಾಡೇವಿ. ಐತವಾರದಿಂದ ಬರ್ತಾನ.”

“ಚಲೋ ಬಾರಸ್ತಾನೇನು?”

“ಬಾರಸ್ತಾನ.”

ಮಾರ್ತಾಂಡನ ಊರು ಡಂಬಳ ಬಂತು. ಯಮನೂರಪ್ಪ ಗೆಳೆಯನ ಟ್ರಂಕನ್ನು ತಲೆಯ ಮೇಲೆ ಹೊತ್ತು, ಜನರನ್ನು ಸರಿಸುತ್ತ ಮುಂದೆ ನಡೆದ. ಹಿಂದಿನಿಂದ ಮಾರ್ತಾಂಡ ಕೂಗಿ ಹೇಳುತ್ತಿದ್ದ:

“ಡ್ರಮ್ಮಿನ ಬಲಗಾಲಿನ ಪೆಡಲ್ ಸಡಲ ಅದ. ಭಾಳ ಜೋರು ಒತ್ತಬ್ಯಾಡ ಅಂತ ಅವಂಗ ಹೇಳು.”