ಒಡೆಯದೆ ಉಳಿದ ಹಾರ್ಡ್ ಡಿಸ್ಕ್

ನನ್ನ ಹೆಸರು ಮೈಲಾರಿ ಬಿನ್ ಧರ್ಮಪ್ಪ, ವಯಸ್ಸು 43 ವರ್ಷ, ಉದ್ಯೋಗ ಕಂಪ್ಯೂಟರ್ ಹಾಗೂ ಸಿಸಿ ಕ್ಯಾಮೆರಾ ರಿಪೇರಿ, ವಾಸ ಬಸ್ ನಿಲ್ದಾಣದ ಹಿಂಭಾಗ, ನ್ಯಾಮತಿ. ಈ ದಿನ ಬೆಳಿಗ್ಗೆ 10-30ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಏಳನೇ ತರಗತಿ ಫೇಲ್. ಕೆಟ್ಟ ಸಾಮಾನು ಬಿಚ್ಚಿ ಬಿಚ್ಚಿ ಕೆಲಸ ಕಲಿತವನು. ಬಂದ ಸಾಮಾನು, ಬಂದ ಗಂಟೆ, ತಂದವರ ಹೆಸರು ಪುಸ್ತಕದಲ್ಲಿ ಬರೆಯುವುದು ನನ್ನ ರೂಢಿ. ಅಂಗಡಿಯಲ್ಲಿ ನಡೆದದ್ದರ ಸಮಯ ಆ ಪುಸ್ತಕದ್ದು.

ದಿನಾಂಕ 10-11-2025ರ ಸೋಮವಾರ ಬೆಳಿಗ್ಗೆ 10-40ಕ್ಕೆ ಮೆಕ್ಕೆಜೋಳದ ಗೋದಾಮಿನ ಮಾಲೀಕರಾದ ಗುರುಬಸವರಾಜ್ ಅವರು ತಮ್ಮ ಕ್ಯಾಮೆರಾ ರೆಕಾರ್ಡರನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿನಲ್ಲಿ ತಂದರು. ಗೋದಾಮು 2.3 ಕಿ.ಮೀ. ದೂರ. ಏನು ಕೆಟ್ಟರೂ ನನ್ನನ್ನೇ ಕರೆಸುವವರು ತಾವೇ ಹೊತ್ತು ತಂದದ್ದು ಅದೇ ಮೊದಲು. ಡಿಸ್ಕ್ ಬದಲಿಸಬೇಕು, ಹಾರ್ಡ್ ಡಿಸ್ಕ್ ಒಳ್ಳೆಯದೋ ಎಸ್‌ಎಸ್‌ಡಿ ಒಳ್ಳೆಯದೋ ಎಂದು ಕೇಳಿದರು. ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ, ಕ್ಯಾಮೆರಾಗೆ ಅದೇ ಸಾಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನಿಲ್ಲ, ವೇಗ ಹೆಚ್ಚು, ಬೆಲೆಯೂ ಹೆಚ್ಚು, ನಿಮಗೆ ದಂಡ ಎಂದೆ. ದುಬಾರಿ ಸಾಮಾನು ಬೇಡವೆಂದು ನಾನು ಗಿರಾಕಿಗೆ ಹೇಳುವುದು ವರ್ಷಕ್ಕೊಮ್ಮೆ. ಅವರು, "ವೇಗ ಕಟ್ಕೊಂಡು ಏನ್ ಮಾಡ್ಲಿ? ಯಾವುದ್ರಾಗೆ ಅಳಿಸಿದ್ದು ವಾಪಸ್ ಬರಲ್ಲ, ಅದನ್ನ ಹೇಳು" ಎಂದರು.

ಕೇಳಿದರೆ ವಿವರಿಸದೆ ಬಿಡುವವನು ನಾನಲ್ಲ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದರೂ, ಮೇಲೆ ಹೊಸದು ಬರೆಯುವ ತನಕ ಹಳೆಯದು ಉಳಿದಿರುತ್ತದೆ, ತಿಳಿದವರು ತೆಗೆಯುತ್ತಾರೆ. ಎಸ್‌ಎಸ್‌ಡಿ ಅಳಿಸಿದ ಜಾಗವನ್ನು ತಾನೇ ತೊಳೆದುಕೊಳ್ಳುತ್ತದೆ, ಸಿಗುವುದು ಕಷ್ಟ ಎಂದೆ. "ಹಂಗಾದ್ರೆ ಅದನ್ನೇ ಹಾಕು. ಹಳೇದನ್ನ ನನ್ನ ಕಣ್ಣೆದುರಿಗೇ ಜಜ್ಜಿಬಿಡು" ಎಂದರು.

ಒಂದು ಟಿಬಿಯ ಒಳ್ಳೆಯ ಡಿಸ್ಕನ್ನು ಜಜ್ಜಲು ನನಗೆ ಕೈ ಬರಲಿಲ್ಲ. ಸುತ್ತಿಗೆ ತರುವ ನೆಪದಲ್ಲಿ ಒಳಗೆ ಹೋಗಿ ಅದನ್ನು ಡ್ರಾಯರಿಗೆ ಸೇರಿಸಿ, ಸತ್ತ ಡಿಸ್ಕುಗಳ ರಾಶಿಯಿಂದ ಅದೇ ಗಾತ್ರದ ಒಂದನ್ನು ತಂದು, 11-25ಕ್ಕೆ ಅವರೆದುರು ನಾಲ್ಕು ಏಟು ಹಾಕಿದೆ. "ಇನ್ನೊಂದು ಹಾಕೋ" ಎಂದರು. ಹಾಕಿದೆ. ಚೂರುಗಳನ್ನು ಅವರೇ ಚೀಲಕ್ಕೆ ತುಂಬಿಕೊಂಡು ಹೋದರು. ಈ ಮೋಸ ನಾನು ಮೊದಲ ಸಲ ಮಾಡಿದ್ದಲ್ಲ; ಸೆಕೆಂಡ್ ಹ್ಯಾಂಡ್ ಡಿಸ್ಕಿಗೆ ಗಿರಾಕಿ ಇದ್ದೇ ಇರುತ್ತಾರೆ. ಡಿಸ್ಕಿನಲ್ಲಿ ಏನಿತ್ತೆಂದು ನೋಡಲಿಲ್ಲ.

ದಿನಾಂಕ 13-11-2025ರಂದು ಸಂಜೆ 4-15ಕ್ಕೆ ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಹೊನ್ನಾಳಿಯಲ್ಲಿ ಬೇಕರಿ ನಡೆಸುವ ಪ್ರಮೀಳಾ ಅವರ ರೆಕಾರ್ಡರಿಗೆ ಹಾಕಿದೆ. ಅವರ ಎರಡು ಕ್ಯಾಮೆರಾಗೆ ಅದು ತುಂಬಲು ಸುಮಾರು ಇಪ್ಪತ್ತು ದಿನ ಬೇಕು.

ದಿನಾಂಕ 24-11-2025ರಂದು ಸಂಜೆ 5-30ಕ್ಕೆ ಬೀರಲಿಂಗಪ್ಪ ಎಂಬುವರು ಅಂಗಡಿಗೆ ಬಂದರು. ಅವರ ಹೆಂಡತಿ ಹುಲಿಗೆಮ್ಮ ಅದೇ ಗೋದಾಮಿನಲ್ಲಿ ಜೋಳ ಬಿಡಿಸುವ ಯಂತ್ರದ ಹತ್ತಿರ ಕೂಲಿ ಮಾಡುತ್ತಿದ್ದರು. 8ನೇ ತಾರೀಖು ಶನಿವಾರ ಗೋದಾಮಿನಿಂದ 150 ಮೀಟರ್ ದೂರದಲ್ಲಿ ರಸ್ತೆ ಬದಿ ಆಕೆಯ ಶವ ಸಿಕ್ಕಿತ್ತು. ಆಕೆ ಅಂದು ಕೆಲಸಕ್ಕೇ ಬಂದಿಲ್ಲ, ಯಾವುದೋ ಗಾಡಿ ಹೊಡೆದಿದೆ ಎಂದು ಮಾಲೀಕರು ಹೇಳಿದರಂತೆ. "ಗಾಡಿ ಹೊಡೆದ್ರೆ ಸೆರಗಿಗೆ ಗ್ರೀಸು ಹೆಂಗೆ ಹತ್ತುತ್ತೆ ಅಣ್ಣಾ? ಗೇಟಿನಾಗೆ ಕ್ಯಾಮೆರಾ ಐತಲ್ಲ, ನೋಡಾಕೆ ಆಗಲ್ವಾ?" ಎಂದು ಕೇಳಿದರು. ಆ ಕ್ಯಾಮೆರಾ ಕೂರಿಸಿದವನು ನಾನೇ. ಶನಿವಾರ ಶವ, ಸೋಮವಾರ ರೆಕಾರ್ಡರ್. ನಿಂತಲ್ಲೇ ಎಲ್ಲ ತಿಳಿಯಿತು. ಮಾಲೀಕರನ್ನೇ ಕೇಳ್ರಿ ಎಂದು ಕಳಿಸಿಬಿಟ್ಟೆ. ಉಳಿದ ಗೋದಾಮುಗಳ ಕೆಲಸ ನನಗೆ ಬರುವುದು ಗುರುಬಸವರಾಜ್ ಅವರ ಮಾತಿನ ಮೇಲೆ. ನಾಲ್ಕು ದಿನ ಸುಮ್ಮನಿದ್ದೆ.

ಈ ದಿನ 28-11-2025 ಬೆಳಿಗ್ಗೆ 8-30ಕ್ಕೆ ಬೀರಲಿಂಗಪ್ಪ ಮತ್ತೆ ಬಂದರು. "ಕೆಲಸಕ್ಕೆ ಹೋಗ್ದೆ ಯಾರ ಸಂಗಡ ಎಲ್ಲಿಗೆ ಹೊರಟಿದ್ಲು ಅಂತ ಜನ ನನ್ನನ್ನೇ ಕೇಳ್ತಾರೆ ಅಣ್ಣಾ. ಒಳಗೆ ಬಂದಿದ್ಲು ಅಂತ ಒಂದು ಗುರುತು ಸಿಕ್ರೆ ಸಾಕು" ಎಂದರು. 8-40ಕ್ಕೆ ಪ್ರಮೀಳಾ ಅವರಿಗೆ ಫೋನ್ ಮಾಡಿ ರೆಕಾರ್ಡರಿನ ಪ್ಲಗ್ ಕೀಳಲು ಹೇಳಿದೆ. "ಹೋದ ತಿಂಗಳು ಕಳ್ರು ಬಂದಿದ್ದು ಮರೆತ್ರಾ ಮೈಲಾರಣ್ಣ? ಬಂದ್ ಮಾಡಲ್ಲ. ನೀವೇ ಬರ್ರಿ, ಬರುವಾಗ ಹೊಸದು ತರ್ರಿ" ಎಂದರು. ಬೀರಲಿಂಗಪ್ಪ ಅವರಿಗೆ ಠಾಣೆಯ ಹತ್ತಿರ ಕಾಯಲು ಹೇಳಿ, ಬೈಕಿನಲ್ಲಿ ಹೋಗಿ 9-38ಕ್ಕೆ ನಾನೇ ಪ್ಲಗ್ ಕಿತ್ತು, ಡಿಸ್ಕ್ ಬಿಚ್ಚಿ ನೇರ ಇಲ್ಲಿಗೆ ತಂದು ಹಾಜರುಪಡಿಸಿದ್ದೇನೆ. ಇದನ್ನು ಠಾಣೆಯ ಕಂಪ್ಯೂಟರಿಗೆ ಹಚ್ಚಬಾರದು, ಪರಿಣತರಿಗೇ ಕಳಿಸಬೇಕು. ಹದಿನೈದು ದಿನದ ಬೇಕರಿ ವ್ಯಾಪಾರ ಇದರ ಮೇಲೆ ಬರೆದಾಗಿದೆ. ಹುಲಿಗೆಮ್ಮ ಗೇಟು ದಾಟಿದ್ದು ಉಳಿದಿದೆಯೋ ಇಲ್ಲವೋ ನಾನು ಹೇಳಲಾರೆ. ಮೊದಲ ಹನ್ನೊಂದು ದಿನ ನನಗೆ ಗೊತ್ತಿರಲಿಲ್ಲ. ಕೊನೆಯ ನಾಲ್ಕು ದಿನ ಗೊತ್ತಿತ್ತು. ಈ ನಾಲ್ಕು ದಿನದ ವಿಷಯ ಹೊರಗೆ ಬೆಂಚಿನ ಮೇಲೆ ಕುಳಿತಿರುವ ಬೀರಲಿಂಗಪ್ಪ ಅವರಿಗೆ ನಾನಿನ್ನೂ ಹೇಳಿಲ್ಲ. ಒಳಗೆ ಬರುವಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡಿದ್ದರು.

ಈ ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ. ನಾನು ನುಡಿದಂತೆಯೇ ಇದೆ, ನಿಜವಾಗಿದೆ. ನನಗೆ ವಿರುದ್ಧವಾದದ್ದನ್ನೂ ತೆಗೆಸಿಲ್ಲ.

ಸ್ಥಳ: ನ್ಯಾಮತಿ
ದಿನಾಂಕ: 28-11-2025
ಸಹಿ: ಮೈಲಾರಿ