ಉಗುಳು ಹಚ್ಚದ ಗಂಟು

...ಅದೇ ಮಾರಾಯಾ ನಾನ್ ಹೇಳೂದ್, ಈ ಮೊಣಕಾಲಿಗ್ ಕಟ್ಟು ಬ್ರೇಸ್ ಅಂಬುದೆಲ್ಲ ಬರೀ ಶೋಕಿ! ಏಡಿ ಕಂಡಿದ್ಯಲಾ ಸುಶಾಂತ? ಮೈ ತುಂಬಾ ಚಿಪ್ಪು. ಎರಡ್ ಕತ್ತರಿ ಬೇರೆ. ಬಾಣಲೆಗೆ ಹಾಕ್ರೆ ಆ ಚಿಪ್ಪು ಅದನ್ನ ಕಾಪಾಡ್ತಾ? ಇಲ್ಲೆ ಅಲ್ದಾ? ನಿನ್ನ ಮೊಣಕಾಲಿನ ಕಥೆಯೂ ಅಷ್ಟೇ. ಚಿಪ್ಪು ಕಟ್ಕಂಡ್ ಹೋದೆ, ಹುರ್ಕಂಡ್ ಬಂದೆ.

ನಗಾಡ್ ಕಾಂಬ ಒಂದ್ ಸಲ! ಎಂತ, ಕಾಲಿಗ್ ಕಟ್ಟಿದ ಪಟ್ಟಿಯನ್ನೇ ಬಾಯಿಗೂ ಕಟ್ಟಿ ಕಳ್ಸಿದ್ರಾ ಆಸ್ಪತ್ರೆಯವ್ರ್? ಆರು ದಿನ ಆಯ್ತ್ ನೀ ಆ ಬ್ರಹ್ಮಾವರದ ಗದ್ದೆಲಿ ಬೈಕ್ ರೇಸಲ್ಲಿ ಬಿದ್ದ್. ನಿನ್ನೆ ನೀ ಮನೆಗ್ ಬಂದೆ ಅಂತ ಗೊತ್ತಾದ್ದೇ, ಇವತ್ತ್ ಸೈಕಲ್ ತುಳ್ಕಂಡ್ ಕಿರಿಮಂಜೇಶ್ವರಕ್ಕೆ ಬಂದೆ ನಾನ್. ಬಿಸ್ಲಲ್ಲಿ! ಬಲೆ ಕಟ್ಟೂದ್ ಅರ್ಧಕ್ಕೇ ಬಿಟ್ಟ್! ಅಪ್ಪಯ್ಯನ ಹತ್ರ ಬೈಗುಳ ತಿಂದ್! ಆ ಬೈಗುಳ ಬೇರೆ... "ಏ ಮುತ್ತಾ, ನೈಲಾನ್ ಹುರಿಗೆ ಉಗುಳ್ ಹಚ್ಚಿ ಎಳೀದಿರೆ ಗಂಟ್ ಕೂರತ್ತನಾ? ಒಣ ಗಂಟ್ ಜಾರತ್ತ್, ಎಷ್ಟ್ ಸಲ ಹೇಳೂದ್ ನಿಂಗೆ?" ಅಂತ ಇಡೀ ಕಡಲ ಬದಿಗೆ ಕೇಂಬ ಹಾಂಗೆ. ಅದ್ರ ಮೇಲೆ ನಾನ್ ಎಡಚ. ನನ್ನ ಗಂಟ್ ಎಲ್ಲರದ್ದಕ್ಕೂ ಉಲ್ಟಾ ತಿರುಗಿರತ್ತ್. ಕಣ್ ಕಾಣದವನೂ ಮುಟ್ಟಿ ಹೇಳ್ತ, ಇದು ಮುತ್ತ ಹಾಕಿದ್ದ್ ಅಂತ. ಒಂದ್ ಕಳ್ಳತನ ಮಾಡುಕೂ ಉಪಯೋಗ ಇಲ್ಲದ ಕೈ ಇದು!

ಹಚಾ! ಈ ಬೆಕ್ಕ್ ಎಂತಕ್ ಆ ಬ್ರೇಸಿನ ಚೀಲದ ಹತ್ರವೇ ಸುತ್ತುದ್? ಹೋ ಅತ್ಲಾಗೆ!

ಎಂತ ಹೇಳ್ತಾ ಇದ್ದೆ? ಹಾಂ, ಬ್ರೇಸ್. ಅಲ್ಲ, ರೇಸಿನ ದಿನ ಅದನ್ನ ಎರಡೂ ಕಾಲಿಗೆ ಕಟ್ಕಂಡ್ ನೀ ನಡ್ಕಂಡ್ ಬಂದದ್ದನ್ನ ನೀನೇ ಒಂದ್ ಸಲ ಕಾಣ್ಕಿತ್ತ್! ಯಕ್ಷಗಾನದ ಬಣ್ಣದ ವೇಷ ಚೌಕಿಯಿಂದ ರಂಗಸ್ಥಳಕ್ಕೆ ಹೊರಟ ಹಾಂಗೆ. ಕಿಟಕ್, ಕಿಟಕ್, ಕಿಟಕ್. ಚಂಡೆಯೊಂದ್ ಕಮ್ಮಿ. ನಿನ್ನ ಭಾವ ಮುಂಬೈಯಿಂದ ಕಳ್ಸಿದ್ದ್ ಅಂತ ಯಾರಿಗೂ ಮುಟ್ಟುಕೇ ಬಿಡ್ಲಿಲ್ಲೆ ನೀ. "ಕೈ ತೊಳ್ಕಂಡ್ ಮುಟ್ಟ್ ಮುತ್ತಾ, ನಿನ್ನ ಕೈಯಲ್ಲಿ ಮೀನ್ ವಾಸನೆ" ಅಂದೆ! ಯಾರ ಮಗ ನೀ? ನಿನ್ನಬ್ಬಿ ಇಪ್ಪತ್ತ್ ವರ್ಷ ಮೀನ್ ಬುಟ್ಟಿ ಹೊತ್ತವ್ರ್. ಅವ್ರ ಮಗನಿಗೆ ಮೀನ್ ವಾಸನೆ! ಎಲ್ಲರೂ ನಗಾಡಿದ್ರ್. ನಾನೂ ನಗಾಡ್ದೆ. ನಾನ್ ಯಾವಾಗ್ಲೂ ನಗಾಡ್ತೆ, ಅಲ್ದಾ?

ಬಿಡ್, ಅದಲ್ಲ ವಿಷಯ.

ಡಾಕ್ಟ್ರ್ ಹೇಳಿದ್ರಂಬ್ರ, ಬ್ರೇಸ್ ಸರಿಯಾಗ್ ಕೂತಿದ್ರೆ ಲಿಗಮೆಂಟ್ ಹರೀತಿರ್ಲಿಲ್ಲೆ, ಹರಿದ್ರೂ ಇಷ್ಟ್ ಹರೀತಿರ್ಲಿಲ್ಲೆ ಅಂತ. ಡಾಕ್ಟ್ರಿಗ್ ಎಂತ ಗೊತ್ತ್? ಅವ್ರ್ ಎಲ್ಲಾದ್ರೂ ಗದ್ದೆ ಅಂಚಿನ ಮೇಲಿಂದ ಬೈಕ್ ಹಾರ್ಸಿದ್ರಾ? ಅವ್ರ ಕಾರ್ ರಸ್ತೆ ಉಬ್ಬು ಕಂಡ್ರೂ ದೇವ್ರಿಗ್ ಕೈ ಮುಗೀತ್ತ್! ನಾನೂ ಓದಿದವನೇ. ಒಂಬತ್ತನೇ ಕ್ಲಾಸ್, ಅರ್ಧ. ಇನ್ನರ್ಧ ಫೋನಲ್ಲಿ. ಆರು ದಿನದಿಂದ ಅದನ್ನೇ ಕಾಂತಾ ಇದ್ದೆ. ಹೊರದೇಶದ ರೈಡರ್‌ಗಳೇ ಜಗಳ ಮಾಡ್ಕಂತ್ರ್. ಒಬ್ಬ ಹೇಳ್ತ, ಬ್ರೇಸ್ ಇಲ್ದೆ ಮಣ್ಣಿಗಿಳಿಯುವವ ಹೆಡ್ಡ. ಇನ್ನೊಬ್ಬ ಹೇಳ್ತ, ಬ್ರೇಸ್ ಹಾಕ್ರೆ ಮೊಣಕಾಲೇನೋ ಉಳೀತ್ತ್, ಪೆಟ್ಟ್ ಮೇಲೆ ಹೋಯಿ ತೊಡೆ ಎಲುಬು ಮುರೀತ್ತ್. ಮೂರನೆಯವ, ಬಿಳಿ ಕೋಟಿನವ, ಅವ ಎಂತ ಹೇಳ್ತ ಗೊತ್ತಾ? "ಖಂಡಿತವಾಗಿ ಹೇಳಲಿಕ್ಕೆ ಇನ್ನೂ ಆಗುವುದಿಲ್ಲ" ಅಂತ! ಹಾಂಗ್ ಹೇಳುಕೆ ಕೋಟ್ ಬೇಕಾ? ಅಷ್ಟಾದ್ರೆ ನಾನೂ ಡಾಕ್ಟ್ರೇ!

ಎಂತಕ್ಕೆ ಆರು ದಿನ ಅದನ್ನೇ ಕಂಡದ್ದಾ? ...ಸುಮ್ನೆ. ನಿದ್ರೆ ಬರೂದಿಲ್ಲೆ, ಸೆಖೆ.

ನಮ್ಮ ಅಪ್ಪಯ್ಯನನ್ನ ಕಾಣ್. ಮೂವತ್ತ್ ವರ್ಷ ದೋಣಿಯಿಂದ ಅಲೆಗೆ ಹಾರಿದ್ರ್, ದೋಣಿ ಎಳ್ದ್ರ್, ಹೊಯ್ಗೆಲಿ ಕಾಲ್ ತಿರುಗ್ಸಿದ್ರ್. ಯಾವ ಬ್ರೇಸ್ ಹಾಕಿದ್ರ್ ಅವ್ರ್? ಸೊಂಟಕ್ಕೆ ಒಂದ್ ಬೈರಾಸ್ ಸುತ್ಕಂಡ್... ಎಂತ? ಹೌದಪಾ, ಈಗ ಮೊಣಕಾಲ್ ಹಲಸಿನಕಾಯಿ ಆಯ್ತ್, ಮೂರ್ ಮೆಟ್ಲ್ ಹತ್ತುಕೆ ಮೂರ್ ಸಲ ದೇವ್ರನ್ನ ಕರೀತ್ರ್. ಅದು ವಯಸ್ಸಿಂದ್! ಹುಬ್ಬ್ ಏರ್ಸ್‌ಬೇಡ ನೀ.

ಸರಿ, ನಿನ್ನದೇ ಕಾಲ್ ತಕಂಬ. ಆ ದಿಬ್ಬ ಹಾರಿದೆ. ಚಂದ ಹಾರಿದೆ, ಸುಳ್ಳ್ ಹೇಳುಕಾಗ. ಇಳಿವಾಗ ಮುಂದಿನ ಚಕ್ರ ಅಡ್ಡ ಹೋಯ್ತ್. ಬೈಕ್ ಪೂರ್ತಿ ನಿನ್ನ ಎಡಗಾಲ್ ಮೇಲೆ ಬಿತ್ತ್. ಎಡಗಾಲಿಗ್ ಎಂತಾಯ್ತ್? ಒಂದ್ ಗೀರ್ ಇಲ್ಲೆ! ಬಲಗಾಲ್? ಅದ್ರ ಮೇಲೆ ಎಂತದೂ ಬೀಳ್ಲಿಲ್ಲೆ, ಪಾಪ. ಬೀಳ್ವ ಮೊದ್ಲ್ ನೆಲಕ್ಕೆ ಊರಿದೆ, ಅದು ಮಣ್ಣಲ್ಲಿ ಕಚ್ಚ್ಕಂತ್, ಮೈ ತಿರುಗ್ತ್, ಮೊಣಕಾಲ್ ಟಪ್. ಕಂಡ್ಯಾ? ಬ್ರೇಸ್ ಎರಡಕ್ಕೂ ಇದ್ದಿತ್ತ್. ಬೈಕ್ ಬಿದ್ದದ್ದ್ ಉಳೀತ್, ಬೀಳದ್ದ್ ಹೋಯ್ತ್. ಅಂದ್ರೆ ಎಂತ? ಬ್ರೇಸಿಗೂ ಕಾಲಿಗೂ ಸಂಬಂಧವೇ ಇಲ್ಲೆ. ಎಲ್ಲ ಹಣೆಬರಹ! ಬಲಗಾಲಿನ ಬ್ರೇಸಿನ ಆ ತೊಡೆ ಪಟ್ಟಿ ಜಾರದಿದ್ರೂ ಅಷ್ಟೇ ಆತಿತ್ತ್...

...ಎಂತ?

ಎಂತಕ್ ಹಾಂಗ್ ಕಾಂತೆ? ಪಟ್ಟಿ ಜಾರಿದ್ದ್ ನಂಗ್ ಹ್ಯಾಂಗ್ ಗೊತ್ತಂತಾ? ಅಯ್ಯೋ, ನಾನೇ ಅಲ್ದಾ ಮೊದ್ಲ್ ಓಡಿ ಬಂದವ! ಎಲ್ಲರೂ ಬೈಕ್ ಎತ್ತುಕೆ ಹೋದ್ರೆ ನಾನ್ ನಿನ್ನ ಕಾಲ್ ಹಿಡ್ಕಂಡೆ. ಬ್ರೇಸ್ ಬಿಚ್ಚಿದವ ನಾನ್. ಚೀಲಕ್ಕೆ ತುಂಬ್ಸಿದವ ನಾನ್. ಆಂಬುಲೆನ್ಸಲ್ಲಿ ನಿನ್ನ ಜೊತೆ ಕೂತವ ನಾನ್. ಸಾಸ್ತಾನದ ಟೋಲ್ ಬಂದಾಗ "ಸುಶಾಂತಾ, ಮಲಗಿದವ್ರಿಗೆ ಟೋಲ್ ಇಲ್ಲೆ ಅಂಬ್ರ" ಅಂತ ನಗಾಡ್ಸುಕೆ ಕಂಡೆ. ನೀ ನನ್ನ ಕೈ ಹಿಡ್ಕಂಡ್ ಕಣ್ಣೀರ್ ಸುರ್ಸಿ ಮರ್ಕ್‌ತಿದ್ದೆ. ಬಿಡ್, ಮರ್ಕಿದ್ದ್ ಯಾರಿಗೂ ಹೇಳ್ಲಿಲ್ಲೆ ನಾನ್.

ಸಾಕ್ ಚಿಕ್ಕೀ, ಚಾ ಸಾಕ್! ಬೇಡ, ಸಕ್ಕರೆ ಸರಿ ಇತ್ತ್! ...ಕಂಡ್ಯಾ, ಸುಗಂಧಿ ಚಿಕ್ಕಿಗೆ ನಾನಂದ್ರೆ ಎಷ್ಟ್ ಪ್ರೀತಿ? ಬಾಗ್ಲಲ್ಲೇ ಹೇಳಿದ್ರ್, "ನೀ ಇಲ್ದಿರೆ ನನ್ನ ಮಗನ ಗತಿ ಎಂತ ಆತಿತ್ತಾ ಮುತ್ತಾ" ಅಂತ. ಬಂಗುಡೆ ಸಾರ್ ಇತ್ತ್, ಊಟ ಮಾಡಿಯೇ ಹೋಯ್ಕಂಬ್ರ. ಹಾಂಗ್ ಹೇಳ್ಬೇಡಿ ಚಿಕ್ಕಿ ಅಂದೆ. ಹಸಿವಿಲ್ಲೆ ಅಂದೆ. ನಂಗೆ! ಹಸಿವಿಲ್ಲೆ! ಅವ್ರೇ ನಗಾಡಿದ್ರ್.

ನೀ ಮಾತ್ರ ಇಲ್ಲೆ.

ಹಚಾ ಬೆಕ್ಕೇ! ಆ ಚೀಲದೊಳಗ್ ನಿನ್ನ ಅಜ್ಜಿ ಇತ್ತಾ? ನೆಕ್ಕೂದ್ ಕಾಣ್... ಇದು ಬೆವರಿನ ವಾಸನೆಗೆ ಮಾರಾಯಾ. ಬೆಕ್ಕಿಗೆ ಬೆವರ್ ಅಂದ್ರೆ ಪ್ರೀತಿ. ಹೌದಪಾ! ನಾನೂ ಓದಿದ್ದೆ.

ಹಾಂ, ಬಂದ ವಿಷಯ ಹೇಳ್ತೆ. ನಿನ್ನ ತಮ್ಮ ಅನೂಪ ನಾಳೆ ಬ್ರಹ್ಮಾವರದ ಎರಡನೇ ರೌಂಡಿಗೆ ಇಳೀತ ಅಂಬ್ರ. ನಿನ್ನ ಬೈಕಲ್ಲಿ. ಇಳೀಲಿ, ಯಾರ್ ಬೇಡ ಅಂತ್ರ್? ಆದ್ರೆ ನಿನ್ನ ಈ ಬ್ರೇಸ್ ಹಾಕಂಡ್ ಇಳೀತ ಅಂಬ್ರಲಾ, ಅದು ಬೇಡ. ಕೊಡ್ಬೇಡ. ನಾನ್ ಕಡ್ಡಿ ಮುರಿದ ಹಾಂಗೆ ಹೇಳ್ತೆ, ಅದು ದರಿದ್ರ ವಸ್ತು. ಅಣ್ಣನ ಕಾಲ್ ತಿಂದದ್ದನ್ನ ತಮ್ಮನ ಕಾಲಿಗ್ ಕಟ್ಟುಕುಂಟಾ? ಅದನ್ನ ನಂಗ್ ಕೊಡ್. ಈಗ್ಲೇ ತಕಂಡ್ ಹೋತೆ. ಕಡಲಿಗ್ ಬಿಸಾಡ್ತೆ. ಭಾವ ಕೇಂಡ್ರೆ ಮುತ್ತ ಕದ್ದ ಅಂತ ಹೇಳ್, ಹ್ಯಾಂಗೂ ಎಲ್ಲರೂ ನಂಬ್ತ್ರ್! ಹೆಡ್ಮಾಷ್ಟ್ರ ಕೊಡೆಯೊಳಗೆ ಏಡಿ ಬಿಟ್ಟವ ಇವನೇ, ಬ್ರೇಸ್ ಕದಿಯುದ್ ಎಂತ ದೊಡ್ಡ ಸಂಗತಿ ಅಂತ್ರ್.

ಎಂತ, ತಲೆ ಅಲ್ಲಾಡ್ಸಿದ್ಯಾ? ಹೂಂ ಅಂತಲಾ? ತಕಂಡ್ ಹೋಪುದಾ?

ಅಬ್ಬಾ! ಇಷ್ಟ್ ಸುಲಭ ಅಂತ ಗೊತ್ತಿದ್ರೆ ಏಡಿ ಕಥೆ ಹೇಳೂದೇ ಬೇಡ ಇದ್ದಿತ್ತ್. ಸರೀ ಬೆಕ್ಕೇ, ಬದಿಗ್ ಸರಿ, ಮಾಲು ನನ್ನದ್...

...

ಇದೆಂತ, ಹಗೂರ?

ಸುಶಾಂತ, ಚೀಲ ಖಾಲಿ.

ಬ್ರೇಸ್ ಎಲ್ಲಿ? ಏ... ಬ್ರೇಸ್ ಎಲ್ಲಿತ್ತಾ? ಗೋಡೆಯ ಮೊಳೆ ಎಂತಕ್ ತೋರ್ಸ್ತೆ? ಮೊಳೆಯಲ್ಲಿ ಎಂತದೂ ಇಲ್ಲೆ. ಅಲ್ಲಿ ಅನೂಪನ ಹೆಲ್ಮೆಟ್ ಇಪ್ಪುದಲ್ದಾ ಯಾವಾಗ್ಲೂ...

ಎಲ್ಲಿಗ್ ಹೋದ ಅವ? ಯಡ್ತರೆ ಗದ್ದೆಗಾ? ಪ್ರಾಕ್ಟೀಸಿಗಾ? ಈಗ್ಲೇ? ಬ್ರೇಸ್ ಹಾಕಂಡಾ? ಬಾಯಿ ಬಿಡಾ! ಹಾಕಂಡ್ ಹೋದ್ನಾ?!

ತಡಿ. ತಡಿ, ಫೋನ್ ಮಾಡ್ತೆ. ಎಂತ ಆತಿಲ್ಲೆ, ಎಂತ ಆತಿಲ್ಲೆ... ರಿಂಗ್ ಆತ್ತ್, ತೆಗೀತಾ ಇಲ್ಲೆ. ತೆಗ್ಯಾ ಅನೂಪಾ! ಅಲ್ಲಿ ಆ ಹೊಂಡದ ಹತ್ರ ದಿಬ್ಬ ಇತ್ತ್, ಅವ ಮೊದ್ಲ್ ಅದನ್ನೇ ಹಾರ್ಸ್ತ, ಅವನಿಗ್ ಬೇರೆ ಗೊತ್ತಿಲ್ಲೆ... ಸುಶಾಂತ, ನೀ ಮಾಡ್, ನಿನ್ನ ನಂಬರ್ ಕಂಡ್ರೆ ತೆಗೀತ! ಎಂತಕ್ ಕಲ್ಲಿನ ಹಾಂಗೆ ಕೂತಿದ್ದೆ? ನಿನ್ನ ತಮ್ಮ ಮಾರಾಯಾ! ಬಲಗಾಲಿನ ಪಟ್ಟಿ ನಿಲ್ಲೂದಿಲ್ಲೆ ಅದು! ಕಂಪೆನಿ ಪಟ್ಟಿ ಅಲ್ಲ ಅದು, ಹುರಿ! ಬಲೆ ಹುರಿ! ನಾನ್ ಕಟ್ಟಿದ್ದ್!

...

ಹೌದ್. ನಾನ್.

ಮೀನ್ ಇಡುಕೆ. ಒಂದ್ ಒಣ ಮೀನ್, ನಂಗು ಅಂಬುದ್. ಚಪ್ಪಟೆ ಅಲ್ದಾ ಅದು, ತೊಡೆಯ ಮೆತ್ತೆ ಒಳ್ಗೆ ಸರಿಯಾಗ್ ಕೂರತ್ತ್ ಅಂತ ಕಂಡೆ. ಮೀನ್ ವಾಸನೆ ಅಂದ್ಯಲಾ ನೀ, ಎಲ್ಲರೆದ್ರಿಗೆ... ರೇಸ್ ಮುಗ್ದ ಮೇಲೆ ಕಪ್ ತಕಂಬುಕೆ ನೀ ಮೇಲೆ ಹತ್ತುವಾಗ ಊರಿನ ನಾಯಿ ಎಲ್ಲ ನಿನ್ನ ಹಿಂದೆ ಬರ್ಲಿ ಅಂತ. ಅಷ್ಟೇ. ನಗಾಡುಕೆ. ದೇವ್ರಾಣೆ ನಗಾಡುಕೆ! ಮೆತ್ತೆ ತೆಗೀಕಾರೆ ಪಟ್ಟಿ ಬಿಚ್ಚ್ಕಿತ್ತ್, ಎಳೆದದ್ದಕ್ಕೆ ಕೊಂಡಿ ಮುರೀತ್. ನೀ ಬ್ರೇಸ್ ಬಿಚ್ಚಿಟ್ಟ್ ಹೆಸ್ರ್ ಬರ್ಸುಕೆ ಹೋಗಿದ್ದೆ, ಬಪ್ಪ ಹೊತ್ತಾಯ್ತ್. ಕಿಸೆಯಲ್ಲಿ ಹುರಿ ಇದ್ದಿತ್ತ್, ಒಂದ್ ಗಂಟ್ ಹಾಕಿ ಮಡ್ಚಿದ ಪಟ್ಟಿಯೊಳಗೆ ಅಡಗ್ಸಿದೆ. ನನ್ನ ಗಂಟಲ್ದಾ, ನಿಲ್ಲತ್ತ್ ಅಂದ್ಕಂಡೆ. ದೋಣಿ ಬಲೆ ನಿಲ್ಲತ್ತ್, ನಿನ್ನ ತೊಡೆ ನಿಲ್ಲುದಿಲ್ಯಾ ಅಂತ. ಆದ್ರೆ ಒಣ ಗಂಟ್. ಉಗುಳ್ ಹಚ್ಚಿ ಎಳೀಕಿತ್ತ್. ಹಚ್ಲಿಲ್ಲೆ. ನಗೆ ತಡೀಲಾರ್ದೆ ತುಟಿ ಕಚ್ಕಂಡಿದ್ದೆ ಮಾರಾಯಾ, ಬಾಯಿ ಬಿಟ್ರೆ ನಗಾಡ್ತಿದ್ದೆ...

ನೀ ಬಿದ್ದಾಗ ಮೊದ್ಲ್ ಓಡಿ ಬಂದದ್ದ್ ಎಂತಕ್ಕೆ ಗೊತ್ತಾ? ಮೀನ್ ತೆಗೀಕೆ. ನಿನ್ನ ಕಾಲ್ ಹಿಡಿಯುಕಲ್ಲ. ಮೀನ್ ತೆಗೆದ್ ಕಿಸೆಗ್ ಹಾಕಂಡೆ. ಹುರಿ ಬಿಚ್ಚುಕೆ ಹೊತ್ತ್ ಸಿಕ್ಲಿಲ್ಲೆ, ಆಂಬುಲೆನ್ಸ್ ಬಂತ್. ನೀ ನನ್ನ ಕೈ ಹಿಡ್ಕಂಡಾಗ ಆ ಕೈ ಮೀನ್ ನಾತ ಹೊಡೀತಾ ಇದ್ದಿತ್ತ್. ನೀ ಎಂತದೂ ಹೇಳ್ಲಿಲ್ಲೆ. ಅವತ್ತೊಂದಿನ ನೀ ಎಂತದೂ ಹೇಳ್ಲಿಲ್ಲೆ.

ಫೋನ್ ಮಾಡಾ ಸುಶಾಂತಾ, ಕಾಲಿಗ್ ಬೀಳ್ತೆ. ಆ ವೀಡಿಯೋ ಎಲ್ಲ ಸುಳ್ಳ್ ಅಂತ ಹೇಳ್ತೆ, ಡಾಕ್ಟ್ರ್ ಸರಿ ಅಂತ ಹೇಳ್ತೆ, ನಿನ್ನ ಎಡಗಾಲ್ ಉಳಿದದ್ದ್ ಹಣೆಬರಹದಿಂದ ಅಲ್ಲ, ನಾನ್ ಮುಟ್ದೆ ಬಿಟ್ಟ ಬ್ರೇಸಿಂದ ಅಂತ ಚಿಕ್ಕಿ ಎದ್ರಿಗೇ ಹೇಳ್ತೆ! ನಾನೇ ಮತ್ತೊಂದ್ ಸಲ ಮಾಡ್ತೆ, ತಡಿ... ರಿಂಗ್ ಆತ್ತ್...

ರಿಂಗ್...

ಗುರ್ರ್ ಅಂಬುದ್ ಇಲ್ಲೇ ಆತ್ತಲಾ? ಮೊದ್ಲ್ ನನ್ನ ಬೊಬ್ಬೆಲಿ ಕೇಣ್ಲಿಲ್ಲೆ.

ಅನೂಪನ ಫೋನ್... ನಿನ್ನ ದಿಂಬಿನಡಿಗಾ?

ಅವ ಎಲ್ಲಿಗೂ ಹೋಗ್ಲಿಲ್ಯಾ? ...ಈಗ ಅಡಿಗೆಮನೆಲಿ ಕೆಮ್ಮಿದ್ದ್ ಅವನಾ? ಊಟ ಮಾಡ್ತಾ ಇದ್ನಾ?

ಅಯ್ಯೋ ಬ್ಯಾವರ್ಸಿ! ಮುತ್ತನಿಗೇ ಟೋಪಿ ಹಾಕಿದ್ಯಾ! ಭಲೇ! ಭಲೇ ಮಗನೇ, ಇಂಥದ್ದ್ ನಂಗೂ ಹೊಳೀತಿರ್ಲಿಲ್ಲೆ, ಹಹ್ಹ...

...ನೀ ನಗಾಡ್ತಾ ಇಲ್ಲೆ.

ಚಾದರ ಎಂತಕ್ ತೆಗೀತೆ?

ಓ.

ಬ್ರೇಸ್ ಇಲ್ಲೇ ಇದ್ದಿತ್ತಾ. ಹುರಿಯೂ ಹಾಂಗೇ ಇತ್ತ್. ಅರ್ಧ ಜಾರಿದ ಗಂಟ್, ಉಲ್ಟಾ ತಿರುಗಿದ್ದ್. ಮುಟ್ಟಿಯೇ ಗೊತ್ತಾಯ್ತಲಾ ನಿಂಗೆ? ಯಾವಾಗ? ಆಸ್ಪತ್ರೆಯಲ್ಲಿಯಾ? ಆಪರೇಷನಿಗ್ ಮೊದ್ಲಾ?... ಆರು ದಿನ. ಆರು ದಿನ ನಾನೇ ಹೇಳ್ತೆ ಅಂತ ಕಾದ್ಯಾ?

ಇದೆಂತ, ಹೊಸ ಹುರಿ ಎಂತಕ್ ಕೊಡ್ತೆ ನನ್ನ ಕೈಗೆ? ಬ್ರೇಸಿನ ಪಟ್ಟಿಗ್ ಕಟ್ಟುಕಾ? ಈಗ? ನಿನ್ನೆದ್ರಿಗೆ?

ಬೈಯಾ ಬೇಕಾರೆ. ಹೊಡಿ, ಕೋಲ್ ಅಲ್ಲೇ ಇತ್ತ್. ಇದ್ ಬೇಡ ಮಾರಾಯಾ...

ಸರಿ. ಸರಿ, ಕಟ್ತೆ. ಹೀಂಗ್ ಸುತ್ತಿ, ಹೀಂಗ್ ಒಳ್ಗೆ ತಂದ್... ಹೂಂ, ಗೊತ್ತಿತ್ತ್, ಎಳೆವ ಮೊದ್ಲ್ ಉಗುಳ್ ಹಚ್ಕ್. ಹಚ್ತೆ. ತಡಿ.

...ಒಂದ್ ಲೋಟ ನೀರ್ ಕೊಡುಕೆ ಹೇಳ್ ಸುಶಾಂತ, ಚಿಕ್ಕಿ ಹತ್ರ ನೀನೇ ಹೇಳ್. ನನ್ನ ಬಾಯಲ್ಲಿ ಉಗುಳೇ ಇಲ್ಲೆ.