ಹಿಂದಕ್ಕೆ ನಾಲ್ಕು ಗೇರು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅತ್ತೆ, ಸೊಸೆ. ಸೊಸೆಯ ತೊಡೆಯ ಮೇಲೆ ಆಟಿಕೆ ಇಟ್ಟಿಗೆಗಳಲ್ಲಿ ಕಟ್ಟಿದ ಕಾರು.

"ಅತ್ತೆ, ಇದಕ್ಕೆ ಮುಂದಕ್ಕೆ ಹೋಗೋಕೆ ಒಂದೇ ಗೇರು. ಹಿಂದಕ್ಕೆ ನಾಲ್ಕು!"

"ಅಯ್ಯೋ! ಹಿಂದಿನ ಗಾಲಿ ತಿರುಗಿಸೋ ಹಲ್ಲಿನ ಚಕ್ರಾನ ಉಲ್ಟಾ ಕೂರಿಸಿದೀನಿ ಕಣೆ."

"ಅದಿರೋದು ತಳದಲ್ಲಿ. ಪೂರ್ತಿ ಬಿಚ್ಚಬೇಕು. ಆಟಿಕೆ ಪ್ರದರ್ಶನ ಇನ್ನೇನು ಶುರುವಾಗುತ್ತೆ."

"ಬಿಚ್ಚಬೇಡ. ಡ್ರೈವರ್ ಸೀಟನ್ನೇ ಹಿಂದುಮುಂದು ಮಾಡು, ಹಿಂದೇನೇ ಮುಂದಾಗುತ್ತೆ."

"ಆಗ ಸ್ಟೀರಿಂಗು ಹಿಂದಿನ ಗಾಲಿ ತಿರುಗಿಸುತ್ತಲ್ಲ!"

"ಗೋದಾಮಲ್ಲಿ ಸಾಮಾನು ಎತ್ತೋ ಗಾಡಿ ಹಾಗೇ ತಿರುಗೋದು. ಮುಂದೆ ಅದರ ಥರ ಎರಡು ಕೊಂಬು ಸಿಕ್ಕಿಸು, ಮುಗೀತು."

ಟಕ್, ಟಕ್ ಎಂದು ಇಟ್ಟಿಗೆಗಳು ಕೂತವು.

"ರೇಸ್ ಕಾರು ಅಂತ ಹೆಸರು ಕೊಟ್ಟಿದೀವಲ್ಲ ಅತ್ತೆ?"

"ರೇಸಲ್ಲಿ ಸೋತು ಗೋದಾಮಲ್ಲಿ ಕೆಲಸಕ್ಕೆ ಸೇರ್ಕೊಂಡಿದೆ ಅನ್ನು."

ಇಬ್ಬರೂ ನಗುತ್ತಲೇ ಇಳಿದರು. ಸೊಸೆ ಗಾಡಿಯ ಹೊಸ ಮುಖವನ್ನು ಮುಂದೆ ಮಾಡಿ ಹಿಡಿದಿದ್ದಳು.